ಗುಡ್ಡದ ತಪ್ಪಲು, ಸಂತೆಯ ತಪ್ಪಲು

ಗಂಗಾವತಿಯ ಸಂತೆಯಲ್ಲಿ ತಪ್ಪಲು ಸಿವುಡಿನ ಲೆಕ್ಕದಲ್ಲಿ ಸಿಗುತ್ತದೆ. ಮೆಂತ್ಯದ ತಪ್ಪಲು, ಉಳ್ಳಾಗಡ್ಡಿ ತಪ್ಪಲು, ಮೂಲಂಗಿ ತಪ್ಪಲು, ರಾಜಗಿರಿ ತಪ್ಪಲು ಎಂದು ಗೋಣಿತಟ್ಟಿನ ಮೇಲೆ ಸಾಲಾಗಿ ಹರಡಿಕೊಂಡು ಕುಳಿತ ಹೆಂಗಸರು ನೀರು ಚಿಮುಕಿಸುತ್ತ ಕೂಗುವಾಗ, ಆ ಶಬ್ದಕ್ಕೂ ಗುಡ್ಡಕ್ಕೂ ನಂಟಿರಬಹುದೆಂದು ಯಾರಿಗೂ ಹೊಳೆಯುವುದಿಲ್ಲ. ಕೊಪ್ಪಳ, ರಾಯಚೂರು, ಬಳ್ಳಾರಿಯ ಹಳ್ಳಿಗಳಲ್ಲಿ ತಪ್ಪಲು ಎಂದರೆ ಎಲೆ. ಪಲ್ಯಕ್ಕೆ ಬರುವ ಹಸಿ ಎಲೆಯೂ ತಪ್ಪಲೇ, ಆಡುಗಳಿಗೆಂದು ಕಡಿದು ಹಾಕುವ ಬೇವಿನ ಎಲೆಯೂ ತಪ್ಪಲೇ. ಮೈಸೂರಿನ ಕಡೆಯವರು ಸೊಪ್ಪು ಎನ್ನುವುದನ್ನು ನಾವು ತಪ್ಪಲು ಎನ್ನುತ್ತೇವೆ. ನಮ್ಮಲ್ಲಿ ಸೊಪ್ಪಿ ಎಂದರೆ ತೆನೆ ಕೊಯ್ದ ಮೇಲೆ ದನಗಳಿಗೆಂದು ಒಟ್ಟಿಡುವ ಜೋಳದ ಒಣ ದಂಟು. ಆಡು ಮುಟ್ಟದ ತಪ್ಪಲಿಲ್ಲ ಎಂಬ ಗಾದೆಯನ್ನು ಇಲ್ಲಿಯ ಮಕ್ಕಳು ಶಾಲೆಗೆ ಸೇರುವ ಮೊದಲೇ ಕೇಳಿರುತ್ತಾರೆ.

ನಾನು ಈ ಸೀಮೆಯ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತೇನೆ. ಕೆಲವು ವರ್ಷಗಳ ಹಿಂದೆ ಎಂಟನೆಯ ತರಗತಿಯಲ್ಲಿ ಪಾಠ ಓದಿಸುತ್ತಿದ್ದಾಗ ‘ಬೆಟ್ಟದ ತಪ್ಪಲಿನಲ್ಲಿ ಒಂದು ಊರಿತ್ತು’ ಎಂಬ ಅರ್ಥದ ವಾಕ್ಯ ಬಂದಿತು. ಮುಂದಿನ ಸಾಲಿನ ಹುಡುಗಿಯೊಬ್ಬಳು ಕಿಟಕಿಯಾಚೆಗಿನ ಗುಡ್ಡವನ್ನು ನೋಡುತ್ತ, “ಸರ್, ಗುಡ್ಡಕ್ಕ ತಪ್ಪಲ ಎಲ್ಲೈತ್ರಿ? ಬರೇ ಬಂಡಿ ಅದಾವಲ್ರಿ” ಎಂದಳು. ಅವಳ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಆ ಗುಡ್ಡದ ಮೇಲೆ ಎಲೆಗಿಂತ ಬಂಡೆಗಲ್ಲೇ ಹೆಚ್ಚು. ನಾನು ಇಲ್ಲಿ ತಪ್ಪಲು ಎಂದರೆ ಬೆಟ್ಟದ ಇಳಿಜಾರು ಎಂದು ಹೇಳಿ ಪಾಠ ಮುಂದುವರಿಸಿದೆ. ನಾನು ಕೊಟ್ಟ ಅರ್ಥವೂ ಸರಿಯಿರಲಿಲ್ಲ ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ.

ತಿಳಿಸಿದ್ದು ಚಹಾ. ಪರಿಚಯದವರೊಬ್ಬರು ಇಂಗ್ಲಿಷಿನಿಂದ ಕನ್ನಡಕ್ಕೆ ತಂದಿದ್ದ ಭೂಗೋಳದ ಪಾಠವೊಂದನ್ನು ಭಾಷೆಯ ದೃಷ್ಟಿಯಿಂದ ತಿದ್ದಿಕೊಡುವಂತೆ ಕಳಿಸಿದ್ದರು. ಅದರಲ್ಲಿ ‘ಚಹಾ ಗಿಡಗಳನ್ನು ಪರ್ವತಗಳ ತಪ್ಪಲಿನಲ್ಲಿ ಬೆಳೆಯುತ್ತಾರೆ’ ಎಂದಿತ್ತು. ಕಿವಿಗೆ ಹಿತವಾದ ವಾಕ್ಯವೆಂದು ನಾನು ಹಾಗೆಯೇ ಬಿಟ್ಟಿದ್ದೆ. ನಮ್ಮ ಶಾಲೆಯ ಭೂಗೋಳದ ಮೇಷ್ಟ್ರು ಅದನ್ನು ಓದಿ ತಡೆದರು. ಚಹಾ ಗಿಡಕ್ಕೆ ಮಳೆ ಬೇಕು, ಆದರೆ ಬೇರಿನಲ್ಲಿ ನೀರು ನಿಂತರೆ ಅದು ಬದುಕುವುದಿಲ್ಲ; ಬಿದ್ದ ನೀರು ತಡೆಯಿಲ್ಲದೆ ಹರಿದುಹೋಗಲಿ ಎಂದೇ ನೀಲಗಿರಿಯಲ್ಲಿ, ಡಾರ್ಜಿಲಿಂಗಿನಲ್ಲಿ ಅದನ್ನು ಓರೆಯಾದ ನೆಲದಲ್ಲಿ ಹಾಕುತ್ತಾರೆ; ಅಸ್ಸಾಮಿನ ಬಯಲಿನಲ್ಲಿ ಬೆಳೆಯುವಾಗ ಸಾಲುಗಳ ನಡುವೆ ಕಾಲುವೆ ತೋಡಿ ನೀರನ್ನು ಹೊರಗೆ ಹಾಯಿಸುತ್ತಾರೆ. ಹೀಗಿರುವಾಗ ತಪ್ಪಲಿನಲ್ಲಿ ಬೆಳೆಯುತ್ತಾರೆ ಎಂದು ಬರೆದರೆ, ಮಕ್ಕಳು ಮೇಲಿನ ನೀರೆಲ್ಲ ಬಂದು ಸೇರುವ ಬುಡದ ನೆಲವನ್ನೇ ಕಲ್ಪಿಸಿಕೊಳ್ಳುತ್ತಾರೆ ಎಂದು ಅವರು ಹೇಳಿದರು. ಒಂದು ಶಬ್ದ ಆಚೀಚೆಯಾದುದಕ್ಕೆ ಪಾಠದ ಕಾರಣವೇ ತಲೆಕೆಳಗಾಗಿತ್ತು.

ಅಂದಿನಿಂದ ನಾನು ಈ ಶಬ್ದದ ಬೆನ್ನು ಬಿಟ್ಟಿಲ್ಲ. ಶಬ್ದಕ್ಕೆ ಅರ್ಥ ಹುಡುಕುವಾಗ ನಿಘಂಟಿನಷ್ಟೇ ನೆರವಾಗುವುದು ಆ ಶಬ್ದ ಯಾವ ಕ್ರಿಯಾಪದಗಳ ಜೊತೆ ಕೂಡುತ್ತದೆ ಎಂಬುದು. ಗುಡ್ಡವನ್ನು ಏರುತ್ತೇವೆ, ಇಳಿಯುತ್ತೇವೆ. ಇಳಿಜಾರಿನಲ್ಲಿ ಜಾರುತ್ತೇವೆ, ಉರುಳುತ್ತೇವೆ. ನೀರು ಇಳಿಜಾರಿನಲ್ಲಿ ಹರಿಯುತ್ತದೆ. ತಪ್ಪಲನ್ನು ಏರಿದೆವು ಎಂದು ಯಾರೂ ಹೇಳುವುದಿಲ್ಲ. ತಪ್ಪಲಿನಲ್ಲಿ ಊರು ನೆಲೆಸುತ್ತದೆ, ಗುಡಿ ಇರುತ್ತದೆ, ಕಾಡು ಹಬ್ಬುತ್ತದೆ, ದನ ಮೇಯುತ್ತವೆ, ಜಾತ್ರೆ ನೆರೆಯುತ್ತದೆ. ಇಳಿಜಾರು ಚಲನೆಯ ಶಬ್ದವಾದರೆ ತಪ್ಪಲು ಇರವಿನ ಶಬ್ದ. ಬುಡ ಎಂಬುದು ಇವೆರಡಕ್ಕಿಂತ ಬೇರೆ. ಅದು ಗುಡ್ಡವೂ ನೆಲವೂ ಕೂಡುವ ಗೆರೆಯನ್ನು ಮಾತ್ರ ತೋರಿಸುತ್ತದೆ, ಅಲ್ಲಿಂದಾಚೆ ಹರಡಿದ ನೆಲವನ್ನು ಹೇಳುವುದಿಲ್ಲ.

ಇನ್ನೊಂದು ಲಕ್ಷಣವೂ ಇದೆ. ಗುಡ್ಡ, ಕಣಿವೆ, ಹಳ್ಳ ಇವು ಒಂಟಿಯಾಗಿ ನಿಲ್ಲಬಲ್ಲ ಪದಗಳು. ತಪ್ಪಲು ಮಾತ್ರ ಷಷ್ಠಿ ವಿಭಕ್ತಿಯ ಆಸರೆಯಿಲ್ಲದೆ ನಿಲ್ಲುವುದು ಕಡಿಮೆ. ಹಿಮಾಲಯದ ತಪ್ಪಲು, ಸಹ್ಯಾದ್ರಿಯ ತಪ್ಪಲು, ಅಂಜನಾದ್ರಿಯ ತಪ್ಪಲು ಎಂದು ಅದು ಯಾವಾಗಲೂ ಯಾವುದೋ ಬೆಟ್ಟಕ್ಕೆ ಸೇರಿಯೇ ಬರುತ್ತದೆ. ‘ನಾವು ತಪ್ಪಲಿಗೆ ಹೋದೆವು’ ಎಂದರೆ ಕೇಳಿದವರು ಯಾವುದರ ತಪ್ಪಲಿಗೆ ಎಂದು ಮರುಪ್ರಶ್ನೆ ಹಾಕುತ್ತಾರೆ. ನಮ್ಮ ಕಡೆಯಾದರೆ ಪಲ್ಯಕ್ಕೆ ಏನು ತಂದಿರಿ ಎಂದೇ ಕೇಳಿಯಾರು. ಮನೆಯ ಅಂಗಳ, ಕೆರೆಯ ಅಂಗಳ ಎಂಬಲ್ಲಿ ಅಂಗಳ ಹೇಗೋ, ಬೆಟ್ಟಕ್ಕೆ ತಪ್ಪಲು ಹಾಗೆ.

ನಮ್ಮ ಹಿಂದಿನವರು ಈ ವಿಂಗಡಣೆಯನ್ನು ಎಷ್ಟು ಎಚ್ಚರದಿಂದ ಮಾಡಿದ್ದರು ಎಂಬುದು ಅಮರಕೋಶದ ಶೈಲವರ್ಗವನ್ನು ತೆರೆದರೆ ಕಾಣುತ್ತದೆ. ಬೆಟ್ಟದ ಮಧ್ಯಭಾಗದ ಪಕ್ಕಕ್ಕೆ ಕಟಕ, ನಿತಂಬ ಎಂಬ ಪದಗಳಿವೆ. ಅದರ ಸಮತಟ್ಟಾದ ಅಂಚುಗಳಿಗೆ ಸ್ನು, ಪ್ರಸ್ಥ, ಸಾನು ಎಂಬ ಪದಗಳಿವೆ. ಬೆಟ್ಟಕ್ಕೆ ಹತ್ತಿದ ಕೆಳಗಿನ ಭೂಮಿ ಉಪತ್ಯಕಾ, ಬೆಟ್ಟದ ಮೇಲಿನ ಭೂಮಿ ಅಧಿತ್ಯಕಾ. ಈ ಕೊನೆಯ ಎರಡು ಪದಗಳಿಗಾಗಿ ಪಾಣಿನಿ ಒಂದು ಸೂತ್ರವನ್ನೇ ಮೀಸಲಿಟ್ಟಿದ್ದಾನೆ: ಹತ್ತಿರದ್ದು ಎಂಬರ್ಥದಲ್ಲಿ ಉಪ, ಏರಿದ್ದು ಎಂಬರ್ಥದಲ್ಲಿ ಅಧಿ. ಕಟಕ ಎಂದರೆ ಕಡಗವೂ ಹೌದು, ನಿತಂಬ ಎಂದರೆ ಸೊಂಟದ ಕೆಳಭಾಗವೂ ಹೌದು. ಬೆಟ್ಟದ ಪಕ್ಕಕ್ಕೆ ಮೇಖಲಾ ಎಂಬ ಹೆಸರೂ ಸಂಸ್ಕೃತದಲ್ಲಿದೆ, ಅದು ಒಡ್ಯಾಣ. ಬೆಟ್ಟವನ್ನು ಮೈಯುಳ್ಳದ್ದಾಗಿ, ಒಡವೆ ತೊಟ್ಟದ್ದಾಗಿ ಕಂಡ ಕಣ್ಣು ಅದು. ಕನ್ನಡದ ತಪ್ಪಲಿಗೆ ಈ ಪಟ್ಟಿಯಲ್ಲಿ ಸರಿಯಾಗಿ ಹೊಂದುವ ಜೋಡಿ ಉಪತ್ಯಕಾ. ಚಹಾ ಬೆಳೆಯುವ ಜಾಗ ಕಟಕ, ನಿತಂಬಗಳ ಪಾಲಿನದು. ಇಷ್ಟು ಹಳೆಯ ಭೇದವನ್ನು ನಾವು ಒಂದೇ ಶಬ್ದದೊಳಗೆ ತುರುಕಿ ಮಸುಕು ಮಾಡಿದ್ದೇವಲ್ಲ ಎಂದು ನನಗೆ ನಿಜವಾಗಿಯೂ ಸಂಕಟವಾಯಿತು.

ಆದರೆ ಪುಸ್ತಕದ ಕನ್ನಡ ಮಸುಕು ಮಾಡಿದ್ದನ್ನು ಆಡುಮಾತು ಉಳಿಸಿಕೊಂಡಿದೆ. ನಮ್ಮಲ್ಲಿ ಬೆಟ್ಟ ಎನ್ನುವವರು ವಿರಳ, ಎಲ್ಲವೂ ಗುಡ್ಡವೇ. ಆ ಗುಡ್ಡಕ್ಕೆ ನೆತ್ತಿ ಇದೆ, ಬೆನ್ನಿದೆ, ಮಗ್ಗುಲಿದೆ. ಓರೆಯಾದ ಮೈ ಗುಡ್ಡದ ಓರಿ, ಇಳಿಮುಖವಾದ ಹೊಲ ಇಳಕಲು. ಎರಡು ಗುಡ್ಡಗಳ ನಡುವಣ ತಗ್ಗು ಕೊಳ್ಳ ಅಥವಾ ಕಣವಿ. ಕಲ್ಲು ಬೆರೆತ ಬರಡು ದಿಬ್ಬ ಮರಡಿ. ಆನೆಗೊಂದಿಯ ಹೆಸರಿನ ಕೊನೆಯಲ್ಲಿರುವ ಗೊಂದಿ ಎಂಬುದನ್ನು ಇಕ್ಕಟ್ಟಾದ ಹಾದಿಗೆ ಇಂದಿಗೂ ಸಂದಿಗೊಂದಿ ಎಂಬ ಜೋಡುನುಡಿಯಲ್ಲಿ ಬಳಸುತ್ತೇವೆ. ಗುಡ್ಡದ ಕೆಳಗೆ ಹರಡಿದ ನೆಲಕ್ಕೆ ಹಿರಿಯರು ಗುಡ್ಡದ ಸೆರಗು ಎನ್ನುತ್ತಾರೆ. ಊರ ಸೆರಗು, ಅಡವಿಯ ಸೆರಗು ಎಂಬಂತೆಯೇ ಇದೂ ಸೀರೆಯಿಂದ ಬಂದ ಮಾತು.

ಈ ಸೆರಗಿನ ಜೊತೆ ಇನ್ನೊಂದು ಭಾಷೆಯ ಶಬ್ದವೂ ನೆನಪಾಗುತ್ತದೆ. ರಾಯಚೂರು, ಕೊಪ್ಪಳಗಳು 1948ರವರೆಗೆ ನಿಜಾಮರ ಆಡಳಿತದಲ್ಲಿದ್ದವು. ಕಚೇರಿಯ ಕಾಗದಗಳು ಉರ್ದುವಿನಲ್ಲಿರುತ್ತಿದ್ದವು. ಉರ್ದುವಿನಲ್ಲಿ ಬೆಟ್ಟದ ಕೆಳಗಿನ ನೆಲಕ್ಕೆ ದಾಮನ್ ಎನ್ನುತ್ತಾರೆ, ಹಾಗೆಂದರೆ ಉಡುಪಿನ ಕೆಳ ಅಂಚು. ಬಟ್ಟೆಯ ಅಂಚನ್ನು ನೋಡಿ ಬೆಟ್ಟದ ಅಂಚಿಗೆ ಹೆಸರಿಡುವುದು ಎರಡು ಭಾಷೆಗಳಿಗೂ ಹೊಳೆದಿದೆ. ಬಳ್ಳಾರಿಯ ಕಥೆ ಬೇರೆ. ಅದು 1953ರ ಅಕ್ಟೋಬರ್ 1ರವರೆಗೆ ಮದರಾಸಿನ ಆಡಳಿತದಲ್ಲಿತ್ತು, ಅಲ್ಲಿಯ ಪೇಟೆಯಲ್ಲಿ ತೆಲುಗು ಇಂದಿಗೂ ಕನ್ನಡದಷ್ಟೇ ಸಲೀಸಾಗಿ ಕೇಳಿಬರುತ್ತದೆ. ತೆಲುಗಿನವರು ಬೆಟ್ಟದ ಓರೆ ಮೈಗೆ ಕೊಂಡ ಚರಿಯ ಎನ್ನುತ್ತಾರೆ; ಮಳೆಗಾಲದಲ್ಲಿ ಗುಡ್ಡ ಕುಸಿದ ಸುದ್ದಿಯಲ್ಲಿ ಆ ಶಬ್ದ ತಪ್ಪದೆ ಬರುತ್ತದೆ. ತಮಿಳಿನಲ್ಲಿ ಮಲೈಚ್ಚರಿವು. ನಮ್ಮ ಕನ್ನಡದ ಸರಿ ಎಂಬ ಕ್ರಿಯಾಪದವನ್ನು, ಸರಿದು ಹೋಯಿತು ಎಂಬಲ್ಲಿನ ಸರಿಯನ್ನು, ಇವುಗಳ ಪಕ್ಕಕ್ಕಿಟ್ಟು ನೋಡಿದರೆ ಒಂದೇ ಮನೆಯ ಮಕ್ಕಳಂತೆ ಕಾಣುತ್ತವೆ. ಅಲ್ಲಿಯೂ ಓರೆ ಮೈಯ ಶಬ್ದ ಜಾರುವ ಕ್ರಿಯೆಯಿಂದಲೇ ಹುಟ್ಟಿದೆ.

ಎಲೆಯ ತಪ್ಪಲನ್ನೂ ಗುಡ್ಡದ ತಪ್ಪಲನ್ನೂ ಒಂದೇ ಬೇರಿಗೆ ಕಟ್ಟುವ ಆಸೆ ನನಗೂ ಆಗಿತ್ತು. ಎಲೆ ಸಿಗುವ ಜಾಗವಾದ್ದರಿಂದ ತಪ್ಪಲು ಎಂದಾಯಿತು ಎಂದರೆ ಕಥೆ ಸೊಗಸಾಗಿರುತ್ತದೆ. ಸೊಗಸಾಗಿರುವುದು ನಿರುಕ್ತಿಗೆ ಆಧಾರವಾಗುವುದಿಲ್ಲ. ‘ಅನಾಹುತ ತಪ್ಪಲು ಕಾರಣವೇನು’ ಎಂಬ ವಾಕ್ಯದಲ್ಲಿಯೂ ಇದೇ ಉಚ್ಚಾರದ ರೂಪವಿದೆ, ಅದನ್ನು ಗುಡ್ಡಕ್ಕೆ ಯಾರೂ ಕಟ್ಟುವುದಿಲ್ಲ. ಎಲೆಯ ಅರ್ಥವನ್ನು ನಮ್ಮ ಸೀಮೆಯ ಅಡ್ಡಾದಿಡ್ಡಿ ಬಳಕೆ ಎಂದು ತಳ್ಳಿಹಾಕುವುದನ್ನು ಮಾತ್ರ ನಾನು ಒಪ್ಪಲಾರೆ. 9ನೆಯ ಶತಮಾನದ ಕವಿರಾಜಮಾರ್ಗ ಕನ್ನಡದ ತಿರುಳು ಯಾವ ಊರುಗಳ ನಡುವಣ ನಾಡಿನಲ್ಲಿದೆ ಎಂದು ಹೇಳುವಾಗ ಕೊಪಣ ನಗರವನ್ನು, ಅಂದರೆ ಇಂದಿನ ಕೊಪ್ಪಳವನ್ನು, ಹೆಸರಿಸಿದೆ. ಇಲ್ಲಿಯ ಸಂತೆಯ ಮಾತಿಗೂ ಪಠ್ಯದ ಪುಟದಲ್ಲಿ ಒಂದು ಅಡಿಟಿಪ್ಪಣಿಯಷ್ಟಾದರೂ ಜಾಗ ಸಿಗಬೇಕು.

ಹುಡುಗಿಯ ಪ್ರಶ್ನೆಗೆ ಮರಳುತ್ತೇನೆ. ನಮ್ಮ ಗುಡ್ಡಗಳಿಗೆ ತಪ್ಪಲಿದೆಯೇ? ಮಲೆನಾಡಿನ ಬೆಟ್ಟ ಮಣ್ಣು ಹೊದ್ದುಕೊಂಡು ನಿಧಾನವಾಗಿ ಇಳಿಯುತ್ತದೆ, ಎಲ್ಲಿ ಬೆಟ್ಟ ಮುಗಿದು ಎಲ್ಲಿ ಗದ್ದೆ ತೊಡಗಿತು ಎಂದು ಹೇಳುವುದು ಕಷ್ಟ. ಗಂಗಾವತಿ, ಆನೆಗೊಂದಿ, ಕೊಪ್ಪಳದ ಗುಡ್ಡಗಳು ಹಾಗಲ್ಲ. ಬಯಲಿನ ನಡುವೆ ಗುಂಡುಗಳನ್ನು ಒಂದರ ಮೇಲೊಂದು ಪೇರಿಸಿಟ್ಟಂತೆ ಅವು ಎದ್ದು ನಿಂತಿವೆ. ಬಳ್ಳಾರಿಯ ಕೋಟೆಯ ಗುಡ್ಡವಂತೂ ಪೇಟೆಯ ನಡುವೆಯೇ ಬಂಡೆಯಾಗಿ ನಿಂತಿದೆ. ಇವೆಲ್ಲ ಸುಮಾರು 250 ಕೋಟಿ ವರ್ಷಗಳಷ್ಟು ಹಳೆಯ ಗ್ರಾನೈಟ್ ಶಿಲೆಗಳು. ಈ ಗುಂಡುಗಳು ಮೊದಲು ಹೀಗೆ ಬಯಲಾಗಿರಲಿಲ್ಲ. ನೆಲದೊಳಗೆ ಇದ್ದಾಗಲೇ ಶಿಲೆಯ ಬಿರುಕುಗಳಲ್ಲಿ ನೀರು ಇಳಿದು ಅಂಚುಗಳನ್ನು ಕೊಳೆಯಿಸಿ ಮಣ್ಣು ಮಾಡಿತು. ಗಟ್ಟಿಯಾದ ತಿರುಳು ಗುಂಡಾಗಿ ಉಳಿಯಿತು. ಆಮೇಲೆ ಸುತ್ತಲಿನ ಮಣ್ಣೆಲ್ಲ ಮಳೆಗೆ ಕೊಚ್ಚಿ ಕೆಳಗಿಳಿದಾಗ ಗುಂಡುಗಳು ಹೊರಬಿದ್ದವು. ಕೆಳಗಿಳಿದ ಮಣ್ಣಿನ ಒಂದು ಪಾಲು ಗುಡ್ಡದ ಸುತ್ತ ಗರಸು ಬೆರೆತ ಕೆಂಪು ಮಸಾರಿಯಾಗಿ ಇಂದಿಗೂ ಹರಡಿದೆ. ಅದರಾಚೆಗೆ ಕಪ್ಪು ಮಣ್ಣಿನ ಎರಿ ಹೊಲ, ಕಾಲುವೆ ಬಂದಲ್ಲಿ ಭತ್ತದ ಗದ್ದೆ. ನಮ್ಮ ಗುಡ್ಡಗಳು ತಮ್ಮ ಇಳಿಜಾರನ್ನು ಕಳೆದುಕೊಂಡು ಅದನ್ನೇ ತಪ್ಪಲನ್ನಾಗಿ ಹಾಸಿಕೊಂಡಿವೆ ಎಂದು ಭೂಗೋಳದ ಮೇಷ್ಟ್ರು ಹೇಳಿದಾಗ, ಇಷ್ಟು ವರ್ಷ ದಿನವೂ ನೋಡಿದ ಗುಡ್ಡ ನನಗೆ ಬೇರೆಯಾಗಿ ಕಂಡಿತು.

ನೀರಿನ ಲೆಕ್ಕವೂ ಇದರೊಡನೆ ಸೇರುತ್ತದೆ. ನಮ್ಮದು ಮಳೆ ಕಡಿಮೆಯ ಸೀಮೆ. ಆದರೆ ಬಂಡೆ ನೀರು ಕುಡಿಯುವುದಿಲ್ಲ. ಒಂದು ಎಕರೆ ಬಂಡೆಯ ಮೇಲೆ 20 ಮಿಲಿಮೀಟರ್ ಮಳೆ ಬಿದ್ದರೆ ಅದು ಸುಮಾರು 80 ಸಾವಿರ ಲೀಟರ್ ನೀರು. ಬಂಡೆಯ ಕುಳಿಗಳಲ್ಲಿ ನಿಂತದ್ದನ್ನು ಬಿಟ್ಟರೆ ಉಳಿದದ್ದರಲ್ಲಿ ಬಹುಪಾಲು ಕೆಳಗಿನ ಮಸಾರಿಗೆ ಬಂದು ಇಂಗುತ್ತದೆ. ಆದ್ದರಿಂದಲೇ ಗುಡ್ಡದ ಸೆರಗಿನ ಹೊಲಕ್ಕೆ ಮೋಡದಿಂದ ಬಿದ್ದ ಮಳೆಯ ಮೇಲೆ ಗುಡ್ಡದಿಂದ ಇಳಿದ ಇನ್ನೊಂದು ಪಾಲು ಸಿಗುತ್ತದೆ. ಸೀತಾಫಲದ ಗಿಡಗಳು, ಹಳೆಯ ಬಾವಿಗಳು, ಹನುಮಪ್ಪನ ಗುಡಿಗಳು ಎಲ್ಲಿವೆ ಎಂದು ನೋಡುತ್ತ ಹೋದರೆ ಈ ನೆಲದ ಪಟ್ಟಿ ತಾನಾಗಿಯೇ ಗುರುತು ಸಿಗುತ್ತದೆ.

ಗಂಗಾವತಿಯ ಹತ್ತಿರದ ಹಿರೇಬೆಣಕಲ್ಲಿನ ಗುಡ್ಡಕ್ಕೆ ಹೋದಾಗ ಕುರಿ ಮೇಯಿಸುತ್ತಿದ್ದ ಹಿರಿಯರೊಬ್ಬರು ಜೊತೆಯಾದರು. ಇಳಿದು ಬರುವಾಗ ನಾನು, “ಯಜಮಾನ್ರ, ಈ ಗುಡ್ಡ ಎಲ್ಲಿಗೆ ಮುಗೀತೈತ್ರಿ?” ಎಂದು ಕೇಳಿದೆ. ಅವರು ಕೋಲಿನಿಂದ ದೂರದ ಒಡ್ಡೊಂದನ್ನು ತೋರಿಸಿ, “ಮಳಿ ಬಂದಾಗ ನೋಡ್ಬೇಕ್ರಿ ಮಾಸ್ತರ. ಗುಡ್ಡದ ನೀರು ಆ ಒಡ್ಡಿನ ತನಕ ಬರತೈತಿ. ಅಲ್ಲೀತನಕ ಗುಡ್ಡದ್ದ” ಎಂದರು. ಕಲ್ಲು ಮುಗಿದ ಗೆರೆಯಿಂದ ಆ ಒಡ್ಡಿಗೆ ಮೂರ್ನಾಲ್ಕು ಹೊಲಗಳಷ್ಟು ದೂರವಿತ್ತು. ತಪ್ಪಲಿಗೆ ಇದಕ್ಕಿಂತ ಖಚಿತವಾದ ಅರ್ಥವಿವರಣೆಯನ್ನು ನಾನು ಬೇರೆಲ್ಲಿಯೂ ಕೇಳಿಲ್ಲ, ಓದಿಲ್ಲ.

ಆ ಗುಡ್ಡ ಇನ್ನೊಂದು ಕೊರತೆಯನ್ನೂ ನೆನಪಿಗೆ ತಂದಿತು. ಹಿರೇಬೆಣಕಲ್ಲಿನ ಬೃಹತ್ ಶಿಲಾ ಸಮಾಧಿಗಳು, ಊರವರು ಮೋರ್ಯರ ಮನೆಗಳೆಂದು ಕರೆಯುವ ಕಲ್ಲುಚಪ್ಪಡಿಯ ಕೋಣೆಗಳು, ಕೆಳಗಿನ ಬಯಲಿನಲ್ಲಿ ಇಲ್ಲ. ಅವನ್ನು ನೋಡಬೇಕಾದರೆ ಬಂಡೆಗಳ ನಡುವೆ ಏರಿ ಹೋಗಬೇಕು. ಸುಮಾರು 400 ರಚನೆಗಳಿರುವ ಆ ತಾಣದಲ್ಲಿ ನೀರು ನಿಲ್ಲುವ ಹೊಂಡವಿದೆ, ಬಡಿದರೆ ನಗಾರಿಯಂತೆ ದನಿ ಹೊರಡಿಸುವ ಬಂಡೆಯೂ ಇದೆ. 2021ರಲ್ಲಿ ಅದು ಯುನೆಸ್ಕೊ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿತು. ಗುಡ್ಡದ ಮೇಲೆ ಹೀಗೆ ಹರವಾದ ನೆಲಕ್ಕೆ ಸಂಸ್ಕೃತದಲ್ಲಿ ಅಧಿತ್ಯಕಾ ಎಂಬ ಒಂದೇ ಪದ ಸಾಕು. ನಾವು ಗುಡ್ಡದ ಮೇಲಿನ ಬಯಲು ಎಂದು ಬಿಡಿಸಿ ಹೇಳುತ್ತೇವೆ. ಹಳೆಯ ಬಳಕೆಗಳಲ್ಲಿ ಅದಕ್ಕೂ ತಪ್ಪಲು ಎಂದದ್ದುಂಟು ಎಂದು ಹಿರಿಯ ಅಧ್ಯಾಪಕರೊಬ್ಬರು ವಾದಿಸಿದರು. ಇಂದಿನ ಓದುಗ ಮಾತ್ರ ತಪ್ಪಲು ಎಂದೊಡನೆ ಕೆಳಗೇ ನೋಡುತ್ತಾನೆ. ನಾನು ಇಂದಿನ ಓದುಗನ ಕಡೆಗಿದ್ದೇನೆ.

ಸಂಡೂರಿಗೆ ಹೋದರೆ ಈ ಮಾತುಗಳ ತೂಕವೇ ಬದಲಾಗುತ್ತದೆ. ಅಲ್ಲಿಯ ಬೆಟ್ಟಗಳು ಗುಂಡುಗಲ್ಲಿನ ರಾಶಿಗಳಲ್ಲ. ಕಬ್ಬಿಣದ ಅದಿರು ತುಂಬಿದ ಉದ್ದನೆಯ ಸಾಲುಗಳು. ಅವಕ್ಕೆ ನಿಜವಾದ ಇಳಿಜಾರಿದೆ, ಇಳಿಜಾರಿಗೆ ಹುಲ್ಲು, ಕಾಡು ಇವೆ, ಕೆಳಗೆ ತಪ್ಪಲಿದೆ. ಗಣಿಗಾರಿಕೆ ಮಿತಿಮೀರಿದ ವರ್ಷಗಳಲ್ಲಿ ಆ ಇಳಿಜಾರನ್ನು ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿ, ಬೇಡವಾದ ಮಣ್ಣನ್ನು ಅದರ ಮೈಮೇಲೆಯೇ ಸುರಿದದ್ದನ್ನು ಈ ಭಾಗದವರೆಲ್ಲ ಕಂಡಿದ್ದೇವೆ. 2011ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯ ಬಳ್ಳಾರಿ ಜಿಲ್ಲೆಯ ಗಣಿಗಳನ್ನು ನಿಲ್ಲಿಸಿತು. ಆಮೇಲೆ ಕೆಲವಕ್ಕೆ ಬೆಟ್ಟವನ್ನು ಮತ್ತೆ ಹದಕ್ಕೆ ತರುವ ಷರತ್ತು ಹಾಕಿ ಅನುಮತಿ ಸಿಕ್ಕಿತು. ಸುರಿದ ಮಣ್ಣಿನ ರಾಶಿಯ ಇಳಿಜಾರು ಎಷ್ಟಿರಬೇಕು, ಅದು ಜಾರದಂತೆ ಎಲ್ಲಿ ಗೋಡೆ ಕಟ್ಟಬೇಕು, ಎಲ್ಲಿ ನಾರಿನ ಚಾಪೆ ಹಾಸಿ ಹುಲ್ಲು ಬೆಳೆಸಬೇಕು ಎಂಬುದೆಲ್ಲ ಇಂಥ ಕೆಲಸದಲ್ಲಿ ಬರುತ್ತದೆ. ಅದು ಬೇಕಾದದ್ದೇ. ಕಣದಲ್ಲಿ ಜೋಳದ ರಾಶಿ ಹಾಕಿದವರಿಗೆ ಗೊತ್ತು, ಸಡಿಲವಾದುದು ತನ್ನದೇ ಒಂದು ಓರೆಯಲ್ಲಿ ಮಾತ್ರ ನಿಲ್ಲುತ್ತದೆ. ಅದನ್ನು ಮೀರಿ ಒಂದು ಬುಟ್ಟಿ ಸುರಿದರೂ ಪಕ್ಕ ಜಾರುತ್ತದೆ.

ಆದರೆ ಇಳಿಜಾರು ಎಂಬ ಶಬ್ದದಲ್ಲಿ ಯೋಚಿಸುವವರ ಕಣ್ಣು ಕೋನದ ಮೇಲಿರುತ್ತದೆ, ಗುತ್ತಿಗೆಯ ಗಡಿ ಮುಗಿದಲ್ಲಿ ಆ ಯೋಚನೆಯೂ ಮುಗಿಯುತ್ತದೆ. ಮಳೆಗೆ ಕೊಚ್ಚಿದ ಕೆಂಪು ಹೂಳು ಗಡಿಯ ಕಲ್ಲನ್ನು ನೋಡಿ ನಿಲ್ಲುವುದಿಲ್ಲ. ಅದು ಹಳ್ಳಕ್ಕೆ, ಕೆರೆಗೆ, ಹೊಲಕ್ಕೆ ಬರುತ್ತದೆ. ಕುರಿ ಕಾಯುವ ಆ ಯಜಮಾನರ ಅಳತೆಯಲ್ಲಿ ಅದೆಲ್ಲ ಇನ್ನೂ ಗುಡ್ಡದ್ದೇ. ಬೆಟ್ಟದ ಲೆಕ್ಕ ಬರೆಯುವವರ ಕಾಗದದಲ್ಲಿ ತಪ್ಪಲು ಎಂಬ ಶಬ್ದಕ್ಕೆ ಒಂದು ಅಂಕಣವಿದ್ದಿದ್ದರೆ, ಆ ಹೊಲಗಳನ್ನೂ ಯಾರಾದರೂ ಅಳೆದು ನೋಡಬೇಕಾಗುತ್ತಿತ್ತು. ಶಬ್ದಗಳನ್ನು ಸರಿಯಾಗಿ ಇಡಬೇಕೆಂದು ನಾನು ಹಟ ಹಿಡಿಯುವುದು ಈ ಕಾರಣಕ್ಕಾಗಿಯೇ.

ಭೂಗೋಳದ ಆ ಪಾಠವನ್ನು ಕೊನೆಗೆ ತಿದ್ದಿದೆ. ‘ಚಹಾ ಗಿಡಗಳನ್ನು ನೀರು ನಿಲ್ಲದ ಬೆಟ್ಟದ ಇಳಿಜಾರುಗಳಲ್ಲಿ ಬೆಳೆಯುತ್ತಾರೆ’ ಎಂದು ಬರೆದು ಕಳಿಸಿದೆ. ವಾಕ್ಯದ ಸೊಗಸು ಸ್ವಲ್ಪ ಕಡಿಮೆಯಾಯಿತು, ಪಾಠದ ಕಾರಣ ಮಾತ್ರ ಸರಿಯಾದ ಜಾಗಕ್ಕೆ ಬಂದಿತು. ಪ್ರಶ್ನೆ ಕೇಳಿದ ಹುಡುಗಿ ಶಾಲೆ ಬಿಟ್ಟು ವರ್ಷಗಳಾಗಿವೆ. ಅವಳಿಗೆ ಕೊಡಬೇಕಾಗಿದ್ದ ಉತ್ತರವನ್ನು ಈಗಿನ ತರಗತಿಗೆ ಹೇಳುವ ಮೊದಲು, ಗುಡ್ಡದ ಒಂದೊಂದು ಭಾಗಕ್ಕೂ ಮನೆಯ ಹಿರಿಯರು ಏನೆನ್ನುತ್ತಾರೆ ಎಂದು ಕೇಳಿಕೊಂಡು ಬರುವಂತೆ ಮಕ್ಕಳಿಗೆ ಹೇಳಿದೆ. ನೆತ್ತಿ, ಓರಿ, ಮಗ್ಗಲು, ಕೊಳ್ಳ, ಸೆರಗು, ಮರಡಿ ಎಲ್ಲವೂ ಬಂದವು. ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು, “ನಮ್ಮ ಅಜ್ಜಿ ಗುಡ್ಡದ ಉಡಿ ಅಂತಾಳ್ರಿ ಸರ್” ಎಂದ. ಸೀರೆಯ ಸೆರಗನ್ನು ಮುಂದಕ್ಕೆ ಹಿಡಿದು ಕಾಳನ್ನೋ ಕಾಯನ್ನೋ ತುಂಬಿಕೊಳ್ಳುವ ಉಡಿ. ಸೆರಗಿಗಿಂತ ಅದು ಒಂದು ಹೆಜ್ಜೆ ಮುಂದಿನ ಶಬ್ದ, ಏಕೆಂದರೆ ಅದರೊಳಗೆ ಮೇಲಿನಿಂದ ಬಿದ್ದದ್ದನ್ನು ತುಂಬಿಕೊಳ್ಳುವ ಭಾವವೂ ಇದೆ. ಹಲಗೆಯ ಮೇಲೆ ತಪ್ಪಲು ಎಂದು ಬರೆದಿದ್ದುದರ ಪಕ್ಕದಲ್ಲಿ ಉಡಿ ಎಂದು ಬರೆದು, ನಿಮ್ಮ ಅಜ್ಜಿಯ ಹೊಲ ಗುಡ್ಡದ ಯಾವ ಕಡೆಗಿದೆ ಎಂದು ಕೇಳಿದೆ.

“ಮೂಡಣ ಮಗ್ಗಲ್ರಿ ಸರ್. ಈ ಸಲ ಅಲ್ಲಿ ಮೆಂತೆ ತಪ್ಪಲ ಹಾಕ್ಯಾರ್ರಿ.”